ಒಳ್ಳೆಮೆಣಸಿನ ಡಬ್ಬಿ

ತೀರ್ಥಪ್ರಸಾದ್ ಸಾಹೇಬರು ಒಳ್ಳೆಮೆಣಸಿನ ಡಬ್ಬಿಯೊಳಗೆ, ಕರಿಕಾಳುಗಳ ನಡುವೆ, ಮೊಣಕೈವರೆಗೆ ಕೈ ಇಳಿಸಿದ್ದರು. ಯಮುನ ಒಲೆಯ ಪಕ್ಕ ನಿಂತು ನೋಡುತ್ತಿದ್ದಳು. ಮೊದಲ ಸಲ ಬಂದಾಗ ವಾರಂಟ್ ಎಲ್ಲಿ ಎಂದು ಕೇಳಿದ್ದಳು. ಬೂಟು ಹೊರಗೆ ಬಿಟ್ಟು ಬಂದಿದ್ದೀನಲ್ಲ, ಇನ್ನೇನು ಮರ್ಯಾದೆ ಬೇಕು ಎಂದು ಸಾಹೇಬರು ನಕ್ಕಿದ್ದರು. ಆಮೇಲೆ ಅವಳು ಏನನ್ನೂ ಕೇಳಲಿಲ್ಲ.

ಕಾನ್‌ಸ್ಟೇಬಲ್ ಪುಟ್ಟರಾಜು ನಡುಮನೆಯಲ್ಲಿ ಬೆವರುತ್ತಿದ್ದ. ಅವನ ಬೆನ್ನ ಹಿಂದೆ ಒಂದು ಮುಚ್ಚಿದ ಬಾಗಿಲು.

ಅವನು ಕುಶಾಲನಗರದ ಕಡೆಯವನು, ಅಜ್ಜನ ಕಾಲಕ್ಕೆ ಹಾಸನದಿಂದ ಬಂದ ಒಕ್ಕಲು. ಮಾದಾಪುರದ ಈ ಅರೆಭಾಷೆ ಗೌಡರ ಮನೆಗಳ ಒಳಗಿನ ರೀತಿ ರಿವಾಜು ಅವನಿಗೆ ಅಷ್ಟಾಗಿ ತಿಳಿಯದು. ಎದುರಿನ ಬಸ್ ತಂಗುದಾಣದಲ್ಲಿ ಕೂತು ಮನೆ ಕಾಯಬೇಕೆಂದು ಸಾಹೇಬರು ಬಾಯಲ್ಲೇ ಹೇಳಿದ್ದರು. ಬರವಣಿಗೆಯಲ್ಲಿ ಏನೂ ಇರಲಿಲ್ಲ. ಮನೆಯವರ ಫೋನಿನ ಮಾತೆಲ್ಲ ಸಾಹೇಬರ ಕಿವಿಗೂ ಬೀಳುತ್ತಿತ್ತು. ಅದಕ್ಕೂ ಕಾಗದವಿರಲಿಲ್ಲ.

ಯಮುನಳ ಮಗ ಮಿಲನ್, ಕದ್ದ ಮರ ಸಾಗಿಸುವ ಲಾರಿಗೆ ಸಾಹೇಬರ ಜೀಪೇ ಕಾವಲು ಹೋಗುವುದನ್ನು ಫೋನಿನಲ್ಲಿ ವಿಡಿಯೊ ಹಿಡಿದಿದ್ದನಂತೆ. ವಿಚಾರಣೆಗೆಂದು ಸಾಹೇಬರೊಬ್ಬರೇ ಕರೆದೊಯ್ದರು. ದಾರಿಯಲ್ಲಿ ಜೀಪಿನಿಂದ ಹಾರಿ ಕಾಡಿಗೆ ಓಡಿದ ಎಂದು ಬಂದು ಹೇಳಿದರು. ಅಂದಿನಿಂದ ಈ ಹುಡುಕಾಟ.

ಇವತ್ತು ಮಧ್ಯಾಹ್ನ ಪುಟ್ಟರಾಜು ಕಿಟಕಿಯಲ್ಲಿ ಕಂಡಿದ್ದ. ಯಮುನ ಬಾಳೆಲೆಯಲ್ಲಿ ಅಕ್ಕಿರೊಟ್ಟಿ, ಹಂದಿ ಕರಿ ಬಡಿಸಿಕೊಂಡು, ಒಂದು ಲೋಟವನ್ನೂ ಹಿಡಿದು, ಈ ಮುಚ್ಚಿದ ಬಾಗಿಲಿನ ಕೋಣೆಗೆ ಹೋದಳು. ಬರಿಗೈಯಲ್ಲಿ ಬಂದು ಬಾಗಿಲೆಳೆದಳು. ಅವಳ ಗಂಡ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೊಳ್ಳಪ್ಪ, ಇನ್ನೂ ಉಣ್ಣದೆ ಜಗಲಿಯಲ್ಲಿ ಕೂತಿದ್ದ. ಹಂದಿ ಕರಿ ಅಂದರೆ ಮಿಲನ್‌ಗೆ ಪ್ರಾಣ ಎಂದು ಊರಿಗೇ ಗೊತ್ತು.

ಪುಟ್ಟರಾಜು ಅದನ್ನು ಯಾರಿಗೂ ಹೇಳಲಿಲ್ಲ. ಹುಡುಗ ಇನ್ನೊಮ್ಮೆ ಆ ಜೀಪು ಹತ್ತಿದರೆ ಇಳಿಯುವುದಿಲ್ಲ ಎಂದು ಅವನ ಮನಸ್ಸು ಹೇಳುತ್ತಿತ್ತು.

ಸಾಹೇಬರು ಅಕ್ಕಿ ಡ್ರಮ್ಮು, ದಿಂಬಿನ ಚೀಲ, ಸೀರೆಯ ಮಡಿಕೆ ಎಲ್ಲ ಕೆದಕಿ ನಡುಮನೆಗೆ ಬಂದರು. ಅಟ್ಟದ ಏಣಿಯ ಮೇಲಿನ ಜೇಡರ ಬಲೆ ಹಾಗೇ ಇತ್ತು.

"ಆ ಕೋಣೆ?"

"ನೋಡಿದೆ ಸಾರ್. ಕಾಫಿ ಮೂಟೆ. ಒಂದೊಂದೇ ಬಿಚ್ಚಿ ನೋಡಿದೆ."

"ಫೋನ್ ಸಿಕ್ತಾ?"

"ಇಲ್ಲ ಸಾರ್."

ಸಾಹೇಬರು ಬೂಟು ಹಾಕಿಕೊಂಡು ಹೊರಟರು. ಜೀಪಿನ ಸದ್ದು ತಿರುವಿನಾಚೆ ಅಡಗಿದ ಮೇಲೆ ಪುಟ್ಟರಾಜು ದನಿ ತಗ್ಗಿಸಿದ.

"ಯಮುನಕ್ಕ, ನಾಳೆಯೂ ಬರ್ತಾರೆ. ಅಷ್ಟರೊಳಗೆ ಅವನನ್ನ ಬೇರೆ ಎಲ್ಲಿಗಾದರೂ ಕಳಿಸಿ. ನಾನು ಕಂಡಿಲ್ಲ ಅಂತಲೇ ಇರ್ತೀನಿ."

ಯಮುನ ತಾನೇ ಆ ಬಾಗಿಲು ತೆರೆದಳು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಒಂದು ದೀಪ ಉರಿಯುತ್ತಿತ್ತು. ಎಲೆಯ ಮೇಲಿನ ರೊಟ್ಟಿ ಮುರಿದಿರಲಿಲ್ಲ, ಲೋಟದ ಬ್ರಾಂಡಿ ಇಳಿದಿರಲಿಲ್ಲ.

"ತೀರಿಹೋದವರಿಗೆ ಬಡಿಸಿದ ಮೇಲೆ ನಾವು ಬಾಗಿಲು ಹಾಕಿ ಹೊರಗೆ ನಿಲ್ತೀವಿ, ಪುಟ್ಟರಾಜಣ್ಣ."

ಮಿಲನ್ ತೀರಿಹೋದನೆಂದು ಯಾರು ಹೇಳಿದರು ಎಂದು ಅವನು ಕೇಳಿದ.

"ನಿಮ್ಮ ಸಾಹೇಬ್ರೇ. ಮಗನನ್ನ ಹುಡುಕ್ತೀವಿ ಅಂತ ಬಂದವರು ಒಂದು ಸಲವೂ ಅಟ್ಟ ಹತ್ತಲಿಲ್ಲ, ಬಂದಾಗಲೆಲ್ಲ ಮೆಣಸಿನ ಡಬ್ಬಿಗೇ ಕೈ ಹಾಕಿದ್ರು."