“ಸಾಕು” ಎನ್ನದವಳು

ಸಿದ್ದಿ ಹುಡುಗಿಯರಿಗೆ ಮಾರ್ಗದರ್ಶನ ನೀಡುವ ಸಂಸ್ಥೆಯ ಸಲಹಾ ಮಂಡಳಿಗೆ ನಾಡಗೇರ ಮಾಸ್ತರು ಹೊಸ ಸದಸ್ಯರಾಗಿ ಬಂದರು.

“ನಿನಗ್ಯಾಕ ಬಣ್ಣ? ಹಂಗ ನಿಂತರೂ ರಾಕ್ಷಸಿನ!” ಎಂದು, ಆಮೇಲೆ “ನಮಸ್ಕಾರ” ಎಂದರು.

ಯಾರೂ ಬೆಚ್ಚಲಿಲ್ಲ. ಒಮ್ಮೆ ಆಡಿದ ಮೂದಲಿಕೆ, ನೊಂದವರು “ಸಾಕು” ಎನ್ನುವವರೆಗೂ ಆಡಿದವರ ಪ್ರತಿ ಮಾತಿಗೂ ಮುಂಚೆ ಬಂದೇ ಬರುತ್ತದೆ. ಶಾಲೆಯ ನಾಟಕದ ದಿನ ಇದೇ ಮಾಸ್ತರಿಂದ ಅದನ್ನು ಹೇಳಿಸಿಕೊಂಡಿದ್ದ ರೊಜೀನಾ ಸಿದ್ದಿ ಈಗ ಮಂಡಳಿಯ ಅಧ್ಯಕ್ಷೆ.

ಮಾಸ್ತರು ಬಾಯಿ ಬಿಡದೆ ಕಿಟ್ಲಿ ಎತ್ತಿ ಅವಳಿಗೆ ಚಹಾ ಸುರಿಯತೊಡಗಿದರು. ಕಣ್ಣು ಅವಳ ತುಟಿಯ ಮೇಲಿತ್ತು. ಕಪ್ಪು ತುಂಬಿತು, ಬಸಿಯೂ ತುಂಬಿತು.

“ಸಾಕು ಅನ್ನವ್ವಾ, ಸೀರಿ ಹಾಳಾಗತೈತಿ!” ಎಂದಳು ಪಕ್ಕದಲ್ಲಿದ್ದ ಹಸೀನಾ.

ಬಿಸಿ ಚಹಾ ತೊಡೆಗೆ ಇಳಿಯಿತು. ರೊಜೀನಾ ನಕ್ಕಳು.

“ಹಾಕ್ರಿ ಮಾಸ್ತರ, ಕಿಟ್ಲ್ಯಾಗ ಇನ್ನೂ ಐತಿ. ಹೊರಗ ಹುಡುಗ್ಯಾರು ಕಾಯಾಕತ್ತಾರ. ಸ್ವಾಗತ ಭಾಷಣ ನೀವ ಮಾಡಬೇಕು.”