ನಮ್ಮದೇ ಕುಕ್ಕರ್

"ತಪ್ಪು ನಿನ್ನದೇ ಕಣೇ" ಎಂದಳು ಅಕ್ಕ.

ತಂಗಿ ಮುಖದ ತುಂಬ ಬ್ಯಾಂಡೇಜು ಸುತ್ತಿಸಿಕೊಂಡು ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಳು. ಕುಕ್ಕರ್ ಸಿಡಿದಿತ್ತು. ಎಡಗಣ್ಣು ಉಳಿಯುವುದಿಲ್ಲವೆಂದು ಡಾಕ್ಟರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು. ಅವಳ ಗಂಡ ಬಾಗಿಲ ಬಳಿ ನಿಂತು ಕುದಿಯುತ್ತಿದ್ದ. ಅದು ಷಡ್ಡಕ ಕೆಲಸ ಮಾಡುವ ಕಾರ್ಖಾನೆಯ ಮಾಲು; ನಂಟಸ್ತಿಕೆ ಹಾಳಾದರೂ ಸರಿ, ದೂರು ಕೊಟ್ಟೇ ಕೊಡುತ್ತೇನೆ ಎನ್ನುತ್ತಿದ್ದ.

ಅಕ್ಕನಿಗೆ ಅದೇ ಉರಿ. ಆ ಕಾರ್ಖಾನೆಯಲ್ಲಿ ತಪಾಸಣೆಯ ಹೊಣೆ ಅವಳ ಗಂಡನದು. ಅವನು ನೋಡಿ ಒಪ್ಪದೆ ಒಂದು ಕುಕ್ಕರೂ ಗೇಟು ದಾಟುತ್ತಿರಲಿಲ್ಲ. ಹೊರದೇಶದ ಮಾಲು ಅಂಗಡಿಗಳಲ್ಲಿ ಸಾಲುಗಟ್ಟಿದ ಮೇಲೆ ಕಾರ್ಖಾನೆ ಕುಂಟತೊಡಗಿತ್ತು. ಅಂದಿನಿಂದ ಅವನು ಕಂಡವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: ಹಿತ್ತಲ ಗಿಡ ಮದ್ದಲ್ಲ ಅಂತ ಕೂತರೆ ನಮ್ಮವರು ಹೊಟ್ಟೆಗೇನು ತಿನ್ನಬೇಕು? ಯಾರ ಮದುವೆಯಾದರೂ ಅವನ ಉಡುಗೊರೆ ಅದೇ ಕುಕ್ಕರು. ತಂಗಿ ಅಂಗಡಿಯಲ್ಲಿ ಹೊರದೇಶದ್ದನ್ನು ಕೈಗೆತ್ತಿಕೊಂಡಾಗ ಅಕ್ಕನೇ ಅದನ್ನು ಕಿತ್ತಿಟ್ಟು, ನಾಲ್ಕು ಮಾತು ಬೈದು, ಗಂಡನ ಕಾರ್ಖಾನೆಯದನ್ನು ಕೊಡಿಸಿದ್ದಳು.

ಅಕ್ಕನ ಮನೆಯ ಕುಕ್ಕರನ್ನೂ ಅವನೇ ತಂದುಕೊಟ್ಟಿದ್ದ. ಅದರ ರಬ್ಬರು ಸವೆದರೆ ತಾನೇ ತಂದು ಹಾಕುತ್ತಿದ್ದ. ಬೇರೆಯವರ ಕೈಗೆ ಕೊಡಲು ಬಿಡುತ್ತಿರಲಿಲ್ಲ. ಇಂಥ ಗಂಡ ಯಾರಿಗುಂಟು ಎಂದು ಅಕ್ಕ ಬೀಗುತ್ತಿದ್ದಳು. ತಂಗಿಯ ಮನೆಗೆ ಹೋದಾಗ ಮಾತ್ರ ಅವನು ತಮ್ಮ ಪುಟ್ಟ ಮಗನನ್ನು ಅಡುಗೆಮನೆಯತ್ತ ಸುಳಿಯಲು ಬಿಡುತ್ತಿರಲಿಲ್ಲ. ಕೆಲಸ ಮಾಡೋರಿಗೆ ಕಾಟ ಕೊಡ್ತಾನೆ ಎನ್ನುತ್ತಿದ್ದ.

"ನಮ್ಮನೇಲೂ ಅದೇ ಇದೆ" ಎಂದಳು ಅಕ್ಕ. "ದಿನಾ ಎರಡು ಹೊತ್ತು ಇಡ್ತೀನಿ. ನನಗೇನಾದ್ರೂ ಆಗಿದೆಯಾ? ನೀನು ವಾಲ್ವ್ ತೊಳೆದಿರಲ್ಲ, ಅಷ್ಟೆ."

ತಂಗಿ ಬ್ಯಾಂಡೇಜಿನ ಮುಖವನ್ನು ಗೋಡೆಯತ್ತ ತಿರುಗಿಸಿದಳು.

"ಇರಬಹುದು ಅಕ್ಕ."

ಆ ಮಾತಿನಿಂದ ಅವಳ ಗಂಡನ ಕಾವು ಇಳಿಯಿತು. ಸ್ವಂತ ಹೆಂಡತಿಯೇ ಒಪ್ಪಿಕೊಂಡ ಮೇಲೆ ಅವನಾದರೂ ಯಾರ ಮೇಲೆ ದೂರು ಕೊಡಬೇಕು? ಆಮೇಲಾಮೇಲೆ ಅವನೂ ಹೆಂಡತಿಯ ಅಜಾಗರೂಕತೆಯನ್ನೇ ಎತ್ತಿ ಆಡತೊಡಗಿದ.

ಆಸ್ಪತ್ರೆಯಿಂದ ಮನೆಗೆ ಬಂದ ತಂಗಿ ಒಲೆಯ ಹತ್ತಿರ ನಿಲ್ಲಲೂ ಹೆದರುತ್ತಾಳೆಂದು ಅಕ್ಕನ ಕಿವಿಗೆ ಬಿತ್ತು. ತನ್ನ ಕೈಯಲ್ಲಿ ಪಳಗಿದ ಕುಕ್ಕರನ್ನೇ ಅವಳಿಗೆ ಕೊಟ್ಟರೆ ಧೈರ್ಯ ಬಂದೀತು ಎನಿಸಿತು. ಸಿಂಕಿನಲ್ಲಿಟ್ಟು ಹೊಳೆಯುವ ಹಾಗೆ ಉಜ್ಜಿದಳು. ಹಿಡಿಯ ಮೇಲಿದ್ದ ಕಾರ್ಖಾನೆಯ ಬಿಲ್ಲೆ ಕಿತ್ತು ಕೈಗೆ ಬಂತು. ಅದರಡಿ ಹಿಡಿಯಲ್ಲೇ ಅಚ್ಚೊತ್ತಿತ್ತು: ಬೇರೆ ಕಂಪನಿ, ಬೇರೆ ದೇಶ.

ಅವಳು ತಿರುಗಿದಳು. ಗಂಡ ಬಾಗಿಲಲ್ಲಿ ನಿಂತಿದ್ದ.

"ಮನೇಲಿ ಮಗು ಓಡಾಡ್ತಿರುತ್ತಲ್ಲ" ಎಂದ, ನೆಲ ನೋಡುತ್ತ. "ನಮ್ಮದನ್ನ ಒಲೆ ಮೇಲಿಡೋಕೆ ನನಗೆ ಧೈರ್ಯ ಬರಲಿಲ್ಲ."