ಖಾಲಿ ಬಿಟ್ಟ ಹನ್ನೊಂದು ತಿಂಗಳು

“ಈ ಹನ್ನೊಂದು ತಿಂಗಳು ಎಲ್ಲಿದ್ರಿ?”

ಲಿಫ್ಟ್ ಮೆಕ್ಯಾನಿಕ್‌ ಬಂದು ಕುಳಿತು ಐದು ನಿಮಿಷವಾಗಿರಲಿಲ್ಲ, ಆಗಲೇ ಈ ಹೆಂಗಸು ಸರಿಯಾಗಿ ಅಲ್ಲೇ ಬೆರಳಿಟ್ಟಿದ್ದಳು.

“ಹುಷಾರಿರ್ಲಿಲ್ಲ ಮೇಡಂ. ಕಾಮಾಲೆ.”

“ಹನ್ನೊಂದು ತಿಂಗಳಾ?”

“ಸ್ವಲ್ಪ ಜೋರಾಗೇ ಇತ್ತು.”

ಅವಳು ನಗಲಿಲ್ಲ. ಕನ್ನಡಕ ಮೇಲೇರಿಸಿ ಕಂಪ್ಯೂಟರಿನ ಕಡೆ ತಿರುಗಿದಳು. ವಯಸ್ಸು ಐವತ್ತು ದಾಟಿರಬೇಕು. ಕೆಲಸ ಹುಡುಕುವ ಜಾಲತಾಣಗಳಿಗೆ ಪ್ರೊಫೈಲ್ ಬರೆದುಕೊಡುವುದು ಅವಳ ಕಸುಬು. ಅದೂ ಲಿಫ್ಟ್ ಕೆಲಸದವರಿಗೆ ಮಾತ್ರ. ಎಲ್ಲರಿಗೂ ಬರೆಯಲು ಹೋದರೆ ಯಾರಿಗೂ ಸರಿಯಾಗಿ ಬರುವುದಿಲ್ಲ ಎಂದು ಅವಳೇ ಹೇಳಿದ್ದಳು. ನೆಲಮಹಡಿಯ ಎರಡು ಕೋಣೆಯ ಕಚೇರಿ, ಗೋಡೆಯುದ್ದಕ್ಕೂ ಫೈಲುಗಳು.

“ನನ್ನ ಹತ್ರ ಬಂದ ಮೆಕ್ಯಾನಿಕ್ಕುಗಳಲ್ಲಿ ನೀವು ನಲವತ್ತೆರಡನೆಯವರು,” ಅಂದಳು.

ಮೂರು ವರ್ಷದಿಂದ ಅವನು ಪಾರ್ಕಿಂಗ್ ಜಾಗವೊಂದರಲ್ಲಿ ಸೀಟಿ ಊದುತ್ತಿದ್ದ. ಹೆಂಡತಿ ತವರಿನವರ ಮುಂದೆ “ಅವರು ಸಾರಿಗೆ ವಿಭಾಗದಲ್ಲಿದ್ದಾರೆ” ಎಂದು ಹೇಳಿ ಮಾನ ಉಳಿಸಿಕೊಂಡಿದ್ದಳು. ಈಗ ದೊಡ್ಡ ಕಂಪನಿಯೊಂದಕ್ಕೆ ಸೂಪರ್‌ವೈಸರ್ ಬೇಕಾಗಿತ್ತು. ಅರ್ಜಿಗೆ ನಾಳೆಯೇ ಕೊನೆ, ಜೊತೆಗೆ ಪ್ರೊಫೈಲ್ ಇರಲೇಬೇಕು. ಇದು ಕೈತಪ್ಪಿದರೆ ಉಳಿದ ಆಯುಷ್ಯವೆಲ್ಲ ಸೀಟಿಯೇ ಗತಿ ಎಂಬುದು ಅವನಿಗೆ ಗೊತ್ತಿತ್ತು.

“ಫೋಟೋಗೆ ನಗಬೇಡಿ. ಮುಖ ಪೂರ್ತಿ ಕಾಣ್ಲಿ,” ಎಂದು ಅವಳು ಕ್ಯಾಮೆರಾ ಎತ್ತಿದಳು. ನಾಲ್ಕು ಸಲ ತೆಗೆದಳು.

ಗೋಡೆಯ ಮೊಳೆಯಲ್ಲಿ ಕಾಲೇಜು ಹುಡುಗಿಯರ ಬ್ಯಾಗೊಂದು ನೇತಾಡುತ್ತಿತ್ತು. ಸಲಿಗೆ ಬೆಳೆಸೋಣವೆಂದು ಅವನು ಕೇಳಿದ, “ಮಗಳದಾ ಮೇಡಂ?”

“ಹೌದು. ಬಿಟ್ಟು ಹೋದಳು.”

“ಈಗಿನ ಮಕ್ಕಳಿಗೆ ಮರೆವು ಜಾಸ್ತಿ.”

ಅವಳು ಕಂಪನಿಯ ಜಾಹೀರಾತನ್ನು ಪರದೆಯ ಮೇಲೆ ತೆರೆದು ಅವನತ್ತ ತಿರುಗಿಸಿದಳು. ಹತ್ತು ಅಂತಸ್ತು ಮೀರಿದ ಕಟ್ಟಡದಲ್ಲಿ ಅನುಭವ ಕಡ್ಡಾಯ.

“ನೀವು ಬರೆಸಿರೋದೆಲ್ಲ ಮೂರು ನಾಲ್ಕು ಅಂತಸ್ತಿನವು. ಇಷ್ಟನ್ನೇ ಕಳಿಸಿದ್ರೆ ತೆರೆದೂ ನೋಡಲ್ಲ. ಅದರ ಮೇಲೆ ಈ ಖಾಲಿ ಜಾಗ ಬೇರೆ. ಖಾಲಿ ಜಾಗ ಬಹಳ ಅಪಾಯ.”

ಅವನು ಬೆವರೊರೆಸಿಕೊಂಡ. ಆ ಹನ್ನೊಂದು ತಿಂಗಳ ಕೊನೆಗೆ, ಲಿಫ್ಟ್ ನಿರ್ವಹಣೆಯ ಗುತ್ತಿಗೆ ಹಿಡಿದಿದ್ದ ಮಾಲೀಕ ಅವನನ್ನು ಕರೆದು, ಅವನೆದುರೇ ಹಾಜರಿ ರಿಜಿಸ್ಟರಿನ ಹಾಳೆಗಳನ್ನು ಹರಿದಿದ್ದ. “ನೀನು ಇಲ್ಲಿ ಕೆಲಸಾನೇ ಮಾಡಿಲ್ಲ. ತಿಳೀತಾ?” ಯಾಕೆಂದು ಅವನು ಹೆಂಡತಿಗೂ ಬಾಯಿಬಿಟ್ಟಿರಲಿಲ್ಲ. ಆದರೆ ಅದಾಗಿ ಮೂರು ವರ್ಷ. ಮಾಲೀಕ ಅಂಗಡಿ ಮುಚ್ಚಿ ಊರನ್ನೇ ಬಿಟ್ಟಿದ್ದ. ಇನ್ನು ಯಾರಿಗೆ ನೆನಪಿರುತ್ತದೆ?

“ಕಾಮಾಲೆ ಅಲ್ಲ ಮೇಡಂ,” ಅಂದ. “ಸೇತುವೆ ಪಕ್ಕದ ಅವಳಿ ಕಟ್ಟಡ. ಹನ್ನೆರಡು ಅಂತಸ್ತು. ಅಲ್ಲಿ ಮಾಲೀಕರ ಜೊತೆ ಮನಸ್ತಾಪ ಆಯ್ತು, ಅದಕ್ಕೆ ಬರೆಸ್ಲಿಲ್ಲ.”

ಕೀಲಿಮಣೆಯ ಮೇಲಿದ್ದ ಅವಳ ಬೆರಳುಗಳು ನಿಂತವು. ಮತ್ತೆ ಓಡತೊಡಗಿದವು.

“ಲಿಫ್ಟ್ ಎಷ್ಟು?”

“ನಾಲ್ಕು.”

“ಜೊತೆಗೆ ಯಾರಿದ್ರು?”

“ಯಾರೂ ಇಲ್ಲ. ಎಲ್ಲಾ ನನ್ನೊಬ್ಬನ ಕೈಯಲ್ಲೇ.” ಎಷ್ಟೋ ದಿನದ ಮೇಲೆ ಅವನ ಎದೆ ಉಬ್ಬಿತು.

ಅವಳು ಟೈಪಿಸುತ್ತಲೇ ಓದಿದಳು: ‘ನಾಲ್ಕು ಲಿಫ್ಟ್‌ಗಳ ಪೂರ್ಣ ಹೊಣೆ ಒಬ್ಬರದೇ. ಒಂದು ತಿಂಗಳೂ ತಪ್ಪದೆ ತಪಾಸಣೆ, ಬ್ರೇಕಿನಿಂದ ಬಾಗಿಲಿನವರೆಗೆ.’

“ಸರೀನಾ?”

ಕ್ಯಾಂಟೀನಿನಲ್ಲಿ ಕುಳಿತು, ಟೀ ಆರುವ ಮೊದಲೇ ನಾಲ್ಕು ಲಿಫ್ಟಿನೊಳಗೂ ಅಂಟಿಸುವ ತಪಾಸಣೆ ಪಟ್ಟಿಗಳಿಗೆ ಸರಸರನೆ ಸಹಿ ಗೀಚಿದ್ದು ಅವನಿಗೆ ನೆನಪಾಯಿತು. “ಸರಿ ಮೇಡಂ,” ಅಂದ.

ಅವಳು ಪ್ರಿಂಟ್ ತರಲು ಎದ್ದಳು. ಒಳಕೋಣೆಯ ಬಾಗಿಲು ತೆರೆದು, ಹೊಸ್ತಿಲಲ್ಲಿ ನಿಂತು, ನೆಲ ನೋಡಿ, ಆಮೇಲೆ ಕಾಲಿಟ್ಟಳು. ಕಣ್ಣು ಮಂಜಾಗಿರಬೇಕು, ಪಾಪ, ಎಂದುಕೊಂಡ.

“ಬರೆಸಿದ್ದೆಲ್ಲ ನಿಜ ಅಂತ ಒಂದು ಸಹಿ.”

ಅವನು ಹಾಕಿದ. ದೇವರಿಗೂ ಓದಲಾಗದ ಗೀಚು, ಅಡಿಯಲ್ಲೊಂದು ಗೆರೆ, ಗೆರೆಯ ಕೆಳಗೆ ಮೂರು ಚುಕ್ಕಿ. ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು.

“ಮೂರು ಚುಕ್ಕಿ.”

“ನಮ್ಮಪ್ಪ ಹೇಳಿಕೊಟ್ಟಿದ್ದು ಮೇಡಂ. ಯಾರೂ ನಕಲು ಮಾಡೋ ಹಾಗಿಲ್ಲ.”

“ಮರೆಯೋ ಹಾಗೂ ಇಲ್ಲ,” ಎಂದು ಅವಳು ಹಾಳೆಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. “ನನಗೆ ಗೊತ್ತಿರೋರು ಒಬ್ರು ಮೂರು ವರ್ಷದಿಂದ ನಿಮ್ಮಂಥವರನ್ನೇ ಹುಡುಕ್ತಿದಾರೆ. ಅವರಿಗೂ ಕಳಿಸ್ಲಾ?”

“ಕಳಿಸಿ ಮೇಡಂ! ಎಷ್ಟು ಜನ ನೋಡಿದ್ರೆ ಅಷ್ಟು ಒಳ್ಳೇದು.”

“ಇನ್ನು ಶಿಫಾರಸು. ನಿಮ್ಮ ಕೆಲಸ ಬಲ್ಲವರು ಒಬ್ಬರಾದ್ರೂ ಎರಡು ಮಾತು ಬರೀಬೇಕು.”

“ನನ್ನ ಬಗ್ಗೆ ಯಾರು ಬರೀತಾರೆ ಮೇಡಂ?”

“ನಾನೇ ಬರೀತೀನಿ.”

ಅವನ ಕಣ್ಣು ತುಂಬಿತು. ಮೂರು ವರ್ಷದಲ್ಲಿ ಅವನಿಗೆ ಒಬ್ಬರೂ ಇಷ್ಟು ಮಾಡಿರಲಿಲ್ಲ. ಕೈಮುಗಿದು ಎದ್ದ. ಅವಳು ಬಾಗಿಲವರೆಗೂ ಬಂದಳು.

“ನೋಡ್ಕೊಂಡು ಕಾಲಿಡಿ,” ಅಂದಳು.

ಬಸ್‌ಸ್ಟಾಪಿನ ಬೆಂಚಿನಲ್ಲಿ ಕುಳಿತು ಅವನು ಹೆಂಡತಿಗೆ ಫೋನ್ ಮಾಡಿದ. “ಇನ್ನು ಸಾರಿಗೆ ವಿಭಾಗ ಸಾಕು ಕಣೇ,” ಎಂದು ನಕ್ಕ. ಫೋನ್ ಇಡುವಷ್ಟರಲ್ಲಿ ಅದು ಎರಡು ಸಲ ಟಿಂಗೆಂದಿತು. ಅವನ ಪ್ರೊಫೈಲನ್ನು ಮೊದಲು ನೋಡಿದವರು ಒಬ್ಬ ವಕೀಲರು. ವಕೀಲರಿಗೇಕೆ ಲಿಫ್ಟ್ ಮೆಕ್ಯಾನಿಕ್ ಎಂದು ತಲೆ ಕೆರೆದುಕೊಳ್ಳುತ್ತ ಅವನು ಎರಡನೆಯದನ್ನು ತೆರೆದ. ಶಿಫಾರಸು ಬಂದಿತ್ತು.

‘ಇವರ ಕೆಲಸವನ್ನು ನಾನು ಹತ್ತಿರದಿಂದ ಬಲ್ಲೆ. ಮೂರು ಚುಕ್ಕಿಯ ಸಹಿ ಬಿದ್ದ ಮರುದಿನ ಅವಳಿ ಕಟ್ಟಡದ ಏಳನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಒಳಗೆ ಲಿಫ್ಟ್ ಇರಲಿಲ್ಲ, ನನ್ನ ಮಗಳು ಕಾಲಿಟ್ಟಳು.’